ಸಾಮಾನ್ಯ ಅಪವರ್ತನ ಮತ್ತು ಸಾಮಾನ್ಯ ಅಪವರ್ತ್ಯ

ಒಂದು ಪೂರ್ಣ ಸಂಖ್ಯೆಯನ್ನು ಶೇಷ ಉಳಿಯದಂತೆ ಭಾಗಿಸುವ ಸಂಖ್ಯೆಗೆ ಅದರ ಅಪವರ್ತನವೆಂದೂ, ಆ ಪೂರ್ಣ ಸಂಖ್ಯೆಯನ್ನು 1, 2, 3 ಮೊದಲಾದವುಗಳಿಂದ ಗುಣಿಸುತ್ತ ಹೋದಾಗ ದೊರೆಯುವ ಸಂಖ್ಯೆಗಳಿಗೆ ಅದರ ಅಪವರ್ತ್ಯಗಳೆಂದೂ ಹೆಸರು. 12ರ ಅಪವರ್ತನಗಳು 1, 2, 3, 4, 6, 12 ಎಂಬ ಆರು ಮಾತ್ರ. ಅಪವರ್ತ್ಯಗಳಾದರೋ 12, 24, 36 ಎಂದು ಕೊನೆಯಿಲ್ಲದೆ ಸಾಗುತ್ತವೆ. ಎರಡು ಅಥವಾ ಹೆಚ್ಚು ಸಂಖ್ಯೆಗಳನ್ನು ಒಟ್ಟಿಗೆ ತೆಗೆದುಕೊಂಡಾಗ ಅವೆಲ್ಲವನ್ನೂ ಭಾಗಿಸುವ ಸಂಖ್ಯೆಗಳು ಸಾಮಾನ್ಯ ಅಪವರ್ತನಗಳು. ಅವುಗಳಲ್ಲಿ ಅತಿ ದೊಡ್ಡದು ಮಹತ್ತಮ ಸಾಮಾನ್ಯ ಅಪವರ್ತನ, ಸಂಕ್ಷೇಪದಲ್ಲಿ ಮ.ಸಾ.ಅ. ಅವೆಲ್ಲಕ್ಕೂ ಅಪವರ್ತ್ಯವಾಗಿರುವ ಸಂಖ್ಯೆಗಳು ಸಾಮಾನ್ಯ ಅಪವರ್ತ್ಯಗಳು. ಅವುಗಳಲ್ಲಿ ಸೊನ್ನೆಯನ್ನು ಬಿಟ್ಟು ಅತಿ ಚಿಕ್ಕದು ಲಘುತ್ತಮ ಸಾಮಾನ್ಯ ಅಪವರ್ತ್ಯ, ಸಂಕ್ಷೇಪದಲ್ಲಿ ಲ.ಸಾ.ಅ. 12 ಮತ್ತು 18ರ ಮ.ಸಾ.ಅ. 6, ಲ.ಸಾ.ಅ. 36. ಮ.ಸಾ.ಅ. 1 ಆಗಿರುವ ಎರಡು ಸಂಖ್ಯೆಗಳನ್ನು, ಉದಾಹರಣೆಗೆ 8 ಮತ್ತು 15ನ್ನು, ಪರಸ್ಪರ ಅಥವಾ ಸಹ ಅವಿಭಾಜ್ಯಗಳೆನ್ನುತ್ತಾರೆ.

ಈ ಹೆಸರುಗಳು ಶಾಲೆಯ ಮಕ್ಕಳನ್ನು ತಲೆಮಾರುಗಳಿಂದ ಗೊಂದಲಕ್ಕೆ ಕೆಡವಿವೆ, ತಪ್ಪು ಮಕ್ಕಳದಲ್ಲ. 'ಮಹತ್ತಮ' ಎಂಬುದನ್ನು ಕೇಳಿದವರು ದೊಡ್ಡ ಉತ್ತರವನ್ನೂ 'ಲಘುತ್ತಮ' ಎಂಬುದನ್ನು ಕೇಳಿದವರು ಚಿಕ್ಕ ಉತ್ತರವನ್ನೂ ನಿರೀಕ್ಷಿಸುವುದು ಸಹಜ, ಆದರೆ ಮ.ಸಾ.ಅ. ಕೊಟ್ಟ ಸಂಖ್ಯೆಗಳಲ್ಲಿ ಅತಿ ಚಿಕ್ಕದನ್ನು ಎಂದೂ ಮೀರದು, ಲ.ಸಾ.ಅ. ಅತಿ ದೊಡ್ಡದಕ್ಕಿಂತ ಎಂದೂ ಕಡಿಮೆಯಾಗದು. ಸಾಲದ್ದಕ್ಕೆ ಎರಡು ಸಂಕ್ಷೇಪಗಳೂ ಒಂದೇ 'ಅ'ಕಾರದಲ್ಲಿ ಮುಗಿಯುತ್ತವೆ, ಆ 'ಅ' ಒಂದೆಡೆ ಅಪವರ್ತನ, ಇನ್ನೊಂದೆಡೆ ಅಪವರ್ತ್ಯ. ಸಂಸ್ಕೃತ ಗಣಿತ ಗ್ರಂಥಗಳಲ್ಲಿ ಅಪವರ್ತನವೆಂದರೆ ಸಂಖ್ಯೆಗಳನ್ನು ಅವುಗಳ ಸಾಮಾನ್ಯ ಭಾಜಕದಿಂದ ಭಾಗಿಸಿ ಕಿರಿದುಗೊಳಿಸುವ ಕ್ರಿಯೆ. ಕನ್ನಡದ ಪಠ್ಯಪುಸ್ತಕಗಳಲ್ಲಿ ಅದು ಭಾಗಿಸುವ ಸಂಖ್ಯೆಯ ಹೆಸರಾಗಿ ನೆಲೆನಿಂತಿದೆ.

ಕಂಡುಹಿಡಿಯುವ ಕ್ರಮಗಳು

ಸಂಖ್ಯೆಗಳು ಚಿಕ್ಕವಾಗಿದ್ದಾಗ ಅಪವರ್ತನಗಳನ್ನೆಲ್ಲ ಪಟ್ಟಿ ಮಾಡಿ ನೋಡಿದರೆ ಸಾಕಾಗುತ್ತದೆ. ಸ್ವಲ್ಪ ದೊಡ್ಡವಾದರೆ ಪ್ರತಿ ಸಂಖ್ಯೆಯನ್ನೂ ಅವಿಭಾಜ್ಯಗಳ, ಅಂದರೆ 1 ಮತ್ತು ತನ್ನನ್ನು ಬಿಟ್ಟು ಬೇರೆ ಅಪವರ್ತನವಿಲ್ಲದ 2, 3, 5, 7 ಮೊದಲಾದವುಗಳ, ಗುಣಲಬ್ಧವಾಗಿ ಬಿಡಿಸುವ ಕ್ರಮವಿದೆ. 84 ಎಂಬುದು 2 × 2 × 3 × 7, 120 ಎಂಬುದು 2 × 2 × 2 × 3 × 5; ಎರಡರಲ್ಲಿಯೂ ಇರುವಷ್ಟನ್ನು ಮಾತ್ರ ಎತ್ತಿಕೊಂಡರೆ 2 × 2 × 3 = 12 ಎಂಬ ಮ.ಸಾ.ಅ., ಎರಡರಲ್ಲಿ ಯಾವುದರಲ್ಲಿಯಾದರೂ ಹೆಚ್ಚೆಂದರೆ ಎಷ್ಟು ಸಲ ಬಂದಿದೆಯೋ ಅಷ್ಟನ್ನೂ ಸೇರಿಸಿಕೊಂಡರೆ 2 × 2 × 2 × 3 × 5 × 7 = 840 ಎಂಬ ಲ.ಸಾ.ಅ. ದೊರೆಯುತ್ತವೆ. ಒಂದರಲ್ಲಿ ಕಡಿಮೆ ಬಂದದ್ದು ಮ.ಸಾ.ಅ.ಗೆ, ಹೆಚ್ಚು ಬಂದದ್ದು ಲ.ಸಾ.ಅ.ಗೆ ಹಂಚಿಹೋಗುವುದರಿಂದ ಎರಡು ಸಂಖ್ಯೆಗಳ ಗುಣಲಬ್ಧ ಅವುಗಳ ಮ.ಸಾ.ಅ. ಮತ್ತು ಲ.ಸಾ.ಅ.ಗಳ ಗುಣಲಬ್ಧಕ್ಕೆ ಯಾವಾಗಲೂ ಸಮ: 84 × 120 ಆಗಲಿ 12 × 840 ಆಗಲಿ 10,080. ಮೂರು ಸಂಖ್ಯೆಗಳಿಗೆ ಈ ನಿಯಮವನ್ನು ಎಳೆದು ಹಚ್ಚುವುದು ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಪದೇಪದೇ ಕಾಣುವ ತಪ್ಪು. 12, 18, 30ರ ಮ.ಸಾ.ಅ. 6, ಲ.ಸಾ.ಅ. 180, ಇವುಗಳ ಗುಣಲಬ್ಧ 1,080, ಆದರೆ ಮೂರು ಸಂಖ್ಯೆಗಳ ಗುಣಲಬ್ಧ 6,480.

ಅವಿಭಾಜ್ಯಗಳಾಗಿ ಬಿಡಿಸುವ ಕ್ರಮ ವಿಷಯವನ್ನು ಮನದಟ್ಟು ಮಾಡಿಸಲು ಒಳ್ಳೆಯದು, ಲೆಕ್ಕ ಮಾಡಲು ಅಷ್ಟು ಒಳ್ಳೆಯದಲ್ಲ. ಹತ್ತಂಕಿಯ ಸಂಖ್ಯೆಯೊಂದನ್ನು ಕಾಗದದ ಮೇಲೆ ಬಿಡಿಸಲು ಕುಳಿತವರಿಗೆ ಇದು ಬೇಗನೆ ತಿಳಿಯುತ್ತದೆ. ನಿಜವಾದ ಸಾಧನ ಪರಸ್ಪರ ಭಾಗಾಕಾರ. ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ, ಬಂದ ಶೇಷದಿಂದ ಆ ಚಿಕ್ಕದನ್ನು ಭಾಗಿಸಿ, ಮತ್ತೆ ಬಂದ ಶೇಷದಿಂದ ಹಿಂದಿನ ಶೇಷವನ್ನು ಭಾಗಿಸುತ್ತ, ಶೇಷ ಸೊನ್ನೆಯಾಗುವ ತನಕ ನಡೆದರೆ ಕೊನೆಯ ಭಾಜಕವೇ ಮ.ಸಾ.ಅ. ಎರಡು ಸಂಖ್ಯೆಗಳನ್ನು ಭಾಗಿಸುವ ಯಾವ ಸಂಖ್ಯೆಯೂ ಅವುಗಳ ವ್ಯತ್ಯಾಸವನ್ನೂ ಆದ್ದರಿಂದ ಶೇಷವನ್ನೂ ಭಾಗಿಸಲೇಬೇಕು ಎಂಬ ಸರಳ ಸಂಗತಿಯೇ ಇದರ ಆಧಾರ. ಗ್ರೀಕ್ ಗಣಿತಜ್ಞ ಯೂಕ್ಲಿಡನ 'ಎಲಿಮೆಂಟ್ಸ್' ಗ್ರಂಥದ ಏಳನೆಯ ಸಂಪುಟದ ಆರಂಭದಲ್ಲಿಯೇ, ಕ್ರಿ.ಪೂ. ಸುಮಾರು 300ರಲ್ಲಿ, ಈ ಕ್ರಮ ಬರುತ್ತದೆ. ಚೀನಾದ ಪ್ರಾಚೀನ ಒಂಬತ್ತು ಅಧ್ಯಾಯಗಳ ಗಣಿತ ಗ್ರಂಥ ಭಿನ್ನರಾಶಿಗಳನ್ನು ಕಿರಿದುಗೊಳಿಸಲು ಒಂದರಿಂದೊಂದನ್ನು ಕಳೆಯುತ್ತ ಹೋಗುವ ಇದೇ ಜಾತಿಯ ಕ್ರಮವನ್ನು ಹೇಳುತ್ತದೆ. ಫ್ರಾನ್ಸಿನ ಗೇಬ್ರಿಯೆಲ್ ಲಾಮೆ 1844ರಲ್ಲಿ, ಬೇಕಾಗುವ ಭಾಗಾಕಾರಗಳ ಸಂಖ್ಯೆ ಚಿಕ್ಕ ಸಂಖ್ಯೆಯಲ್ಲಿರುವ ಅಂಕಿಗಳ ಐದು ಪಟ್ಟನ್ನು ಎಂದೂ ಮೀರುವುದಿಲ್ಲವೆಂದು ಸಾಧಿಸಿದ. ಮ.ಸಾ.ಅ. ಸಿಕ್ಕ ಮೇಲೆ ಲ.ಸಾ.ಅ.ಗೆ ಬೇರೆ ಶ್ರಮ ಬೇಡ: ಒಂದು ಸಂಖ್ಯೆಯನ್ನು ಮ.ಸಾ.ಅ.ದಿಂದ ಭಾಗಿಸಿ ಇನ್ನೊಂದರಿಂದ ಗುಣಿಸಿದರಾಯಿತು.

ಎರಡು ಅಳತೆಗಳ ನಡುವಿನ ನಾಡು

ಒಂದೇ ವಸ್ತುವನ್ನು ಎರಡು ಬಗೆಯಾಗಿ ಅಳೆಯುವ ಕಡೆ ಮ.ಸಾ.ಅ., ಲ.ಸಾ.ಅ.ಗಳು ಪಾಠದಿಂದ ಹೊರಬಂದು ವ್ಯವಹಾರದ ಮಾತಾಗುತ್ತವೆ. ಇಂದಿನ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಸೀಮೆ ಇದಕ್ಕೆ ಒಳ್ಳೆಯ ನಿದರ್ಶನ. ಈ ಸೀಮೆ ಬಳ್ಳಾರಿ ಜಿಲ್ಲೆಯ ಭಾಗವಾಗಿ ಮದ್ರಾಸ್ ಪ್ರಾಂತ್ಯದಲ್ಲಿದ್ದು, ಆಂಧ್ರ ರಾಜ್ಯ ಹುಟ್ಟಿದ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಮದ್ರಾಸಿನ ಭೂಮಾಪನದಲ್ಲಿ ಒಂದು ಎಕರೆಗೆ 100 ಸೆಂಟ್ಸ್. ಮೈಸೂರಿನಲ್ಲಿ ಒಂದು ಎಕರೆಗೆ 40 ಗುಂಟೆ. ರಾಜ್ಯ ಬದಲಾದರೂ ಹೊಲದ ಲೆಕ್ಕ ಬದಲಾಗಲಿಲ್ಲ. ಹಳೆಯ ಬಳ್ಳಾರಿ ಜಿಲ್ಲೆಯ ಪಹಣಿಗಳಲ್ಲಿ ಎಕರೆಯ ಮುಂದೆ ಸೆಂಟ್ಸ್ ಬರೆಯುವ ರೂಢಿಯೇ ಉಳಿಯಿತು. ಪಕ್ಕದ ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳ ಹಳೆಯ ಮೈಸೂರು ತಾಲ್ಲೂಕುಗಳಲ್ಲಿ ಮಾತು ಗುಂಟೆಯದು. ಹರಪನಹಳ್ಳಿಯಂತೂ 1997ರಲ್ಲಿ ಹೊಸದಾಗಿ ರಚನೆಯಾದ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಉಳಿದ ನಾಲ್ಕರೊಡನೆ ವಿಜಯನಗರ ಜಿಲ್ಲೆಯಲ್ಲಿ ಕೂಡಿಕೊಂಡ ತಾಲ್ಲೂಕು. ಗಡಿಯ ಆಚೆ ಹೆಣ್ಣು ಕೊಟ್ಟು ತಂದ, ಹೊಲ ಕೊಂಡು ಮಾರಿದ ಕುಟುಂಬಗಳಿಗೆ ಸೆಂಟ್ಸು ಗುಂಟೆಗಳ ತಾಳೆ ಹಾಕುವ ಕೆಲಸ ಬಂದೇ ಬರುತ್ತದೆ.

ತಾಳೆಯ ಲೆಕ್ಕ ಹೀಗಿದೆ. 100 ಮತ್ತು 40ರ ಮ.ಸಾ.ಅ. 20. ಉದ್ದನೆಯ ಪಟ್ಟಿಯಂತಿರುವ ಒಂದು ಎಕರೆ ಹೊಲದ ಒಂದು ಬದುವಿನ ಮೇಲೆ ಸೆಂಟ್ಸಿಗೊಂದರಂತೆ ನೂರು ಕಲ್ಲು, ಎದುರು ಬದುವಿನ ಮೇಲೆ ಗುಂಟೆಗೊಂದರಂತೆ ನಲವತ್ತು ಕಲ್ಲು ನೆಟ್ಟರೆಂದು ಭಾವಿಸಿದರೆ, ಎರಡೂ ಕಡೆಯ ಕಲ್ಲುಗಳು ಎದುರುಬದುರಾಗಿ ನಿಲ್ಲುವುದು 20 ಕಡೆ ಮಾತ್ರ. ಅಂದರೆ ಎಕರೆಯ ಇಪ್ಪತ್ತನೆಯ ಒಂದು ಭಾಗ ಸರಿಯಾಗಿ 5 ಸೆಂಟ್ಸು, ಸರಿಯಾಗಿ 2 ಗುಂಟೆ. ಚದರ ಅಡಿಯಲ್ಲಿ 2,178. ಗುಂಟೆಯೆಂದರೆ 33 ಅಡಿ ಉದ್ದ 33 ಅಡಿ ಅಗಲದ ಜಾಗ, 1,089 ಚದರ ಅಡಿ, ಸೆಂಟ್ಸೆಂದರೆ 435.6 ಚದರ ಅಡಿ. 2 ಗುಂಟೆಗೂ 5 ಸೆಂಟ್ಸಿಗೂ ಒಂದೇ ಮೊತ್ತ ಬರುವುದನ್ನು ಯಾರಾದರೂ ಗುಣಿಸಿ ನೋಡಬಹುದು. 3 ಗುಂಟೆಯ ಜಾಗವನ್ನು ಪೂರ್ಣ ಸೆಂಟ್ಸಿನಲ್ಲಿ ಹೇಳಲಾಗದು, ಅದು ಏಳೂವರೆ. 7 ಸೆಂಟ್ಸನ್ನು ಪೂರ್ಣ ಗುಂಟೆಯಲ್ಲಿ ಹೇಳಲಾಗದು, ಅದು 2.8. ಕಿರುಕುಳದ ಭಿನ್ನಗಳನ್ನು ತಪ್ಪಿಸಬೇಕಾದರೆ ಎರಡನ್ನೂ ಇನ್ನೂ ಸಣ್ಣ ಅಳತೆಗೆ ಇಳಿಸಬೇಕು. ಅದನ್ನು ಕೊಡುವುದು 100 ಮತ್ತು 40ರ ಲ.ಸಾ.ಅ. 200. ಎಕರೆಯನ್ನು 200 ಪಾಲು ಮಾಡಿದರೆ ಸೆಂಟ್ಸಿಗೆ 2 ಪಾಲು, ಗುಂಟೆಗೆ 5 ಪಾಲು. ಯಾವ ಪಹಣಿಯ ಅಂಕಿಯೂ ಪೂರ್ಣ ಸಂಖ್ಯೆಯೇ. ಎಣಿಕೆಗಳ ಮ.ಸಾ.ಅ. ಎರಡು ಅಳತೆಗಳೂ ಕೂಡುವ ಅತಿ ಸಣ್ಣ ಜಾಗವನ್ನು ತೋರಿದರೆ, ಎಣಿಕೆಗಳ ಲ.ಸಾ.ಅ. ಎರಡನ್ನೂ ಅಳೆಯಬಲ್ಲ ಅತಿ ದೊಡ್ಡ ತುಂಡನ್ನು ತೋರುತ್ತದೆ. ಒಂದರ ನೆರಳು ಇನ್ನೊಂದರಲ್ಲಿ ತಲೆಕೆಳಗಾಗಿ ಬೀಳುವ ಈ ಸಂಬಂಧವನ್ನು ಪಠ್ಯಪುಸ್ತಕಗಳು ಹೇಳದೆ ಬಿಡುವುದು ಸರಿಯಲ್ಲ, ಏಕೆಂದರೆ ಮೇಲೆ ಹೇಳಿದ ಹೆಸರುಗಳ ಗೊಂದಲ ಪರಿಹಾರವಾಗುವುದು ಇಲ್ಲಿಯೇ.

ನಾಣ್ಯದಲ್ಲಿಯೂ ಇದೇ ಕಥೆ ನಡೆಯಿತು. ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಎಂಬ ಲೆಕ್ಕ 1957ರ ಏಪ್ರಿಲ್ 1ರಂದು ರೂಪಾಯಿಗೆ 100 ನಯಾಪೈಸೆ ಎಂದಾಯಿತು. 16 ಮತ್ತು 100ರ ಮ.ಸಾ.ಅ. 4 ಆದ್ದರಿಂದ ಹಳೆಯದು ಹೊಸದು ತಪ್ಪಿಲ್ಲದೆ ಕೂಡುವುದು ರೂಪಾಯಿಯ ಕಾಲು ಭಾಗಗಳಲ್ಲಿ ಮಾತ್ರ: 4 ಆಣೆಗೆ 25, 8 ಆಣೆಗೆ 50, 12 ಆಣೆಗೆ 75. ಉಳಿದ ಕಡೆ ಒಂದಾಣೆಗೆ ಆರೂಕಾಲು ಪೈಸೆ ಎಂಬ ಅಡ್ಡ ಲೆಕ್ಕ ಬಂದು, ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19 ಎಂದು ಸರಿಹೊಂದಿಸಿಕೊಳ್ಳಬೇಕಾಯಿತು. 'ನಾಲ್ಕಾಣೆ', 'ಎಂಟಾಣೆ' ಎಂಬ ಮಾತುಗಳು ಆಣೆ ಹೋದ ಮೇಲೂ ಜನರ ಬಾಯಲ್ಲಿ ಉಳಿದು 'ಮೂರಾಣೆ', 'ಐದಾಣೆ'ಗಳು ಅಳಿದುದಕ್ಕೆ ಈ 4 ಎಂಬ ಮ.ಸಾ.ಅ. ಒಂದು ಕಾರಣವಾಗಿರಬೇಕು. ನಾಲ್ಕಾಣೆಯ ನಾಣ್ಯ ಚಲಾವಣೆಯಿಂದ ಹೋದುದು 2011ರ ಜೂನ್ ಕೊನೆಗೆ.

ಕೂರಿಗೆ, ತಾಳ, ಸಂವತ್ಸರ

ಮತ್ತೆ ಮತ್ತೆ ಮರುಕಳಿಸುವ ಎರಡು ಕ್ರಮಗಳು ಯಾವಾಗ ಒಟ್ಟಿಗೆ ಮೊದಲಿನ ಸ್ಥಿತಿಗೆ ಬರುತ್ತವೆ ಎಂಬ ಪ್ರಶ್ನೆಗೆ ಲ.ಸಾ.ಅ. ಉತ್ತರ. ಮೇಲೆ ಹೇಳಿದ ವಿಜಯನಗರ ಜಿಲ್ಲೆಯ ಸೀಮೆಯ ಮಳೆಯಾಶ್ರಿತ ಹೊಲಗಳಲ್ಲಿ ಶೇಂಗಾ ಸಾಲುಗಳ ನಡುವೆ ಇಂತಿಷ್ಟು ಸಾಲಿಗೊಂದರಂತೆ ತೊಗರಿ ಬಿತ್ತುವುದುಂಟು. ಈ ನಡುಸಾಲನ್ನು ಅಕ್ಕಡಿಯೆನ್ನುತ್ತಾರೆ. ಒಮ್ಮೆಗೆ ನಾಲ್ಕು ಸಾಲು ಬೀಳಿಸುವ ನಾಲ್ಕು ತಾಳಿನ ಕೂರಿಗೆಯಲ್ಲಿ ಪ್ರತಿ ಆರನೆಯ ಸಾಲು ಅಕ್ಕಡಿಯಾಗಬೇಕೆಂದಿಟ್ಟುಕೊಂಡು, ಪ್ರತಿ ಪಟ್ಟೆಯ ನಾಲ್ಕು ಸಾಲುಗಳನ್ನು ಬದುವಿನ ಕಡೆಯಿಂದ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಬೇಕು. ಎತ್ತು ಹೊರಳಿ ಬರುವಾಗ ಕೂರಿಗೆಯ ಎಡಬಲ ಅದಲುಬದಲಾಗುವುದರಿಂದ ತಾಳಿನ ಎಣಿಕೆಯನ್ನಲ್ಲ, ಹೊಲದ ಎಣಿಕೆಯನ್ನೇ ಹಿಡಿಯಬೇಕು. ಮೊದಲ ಅಕ್ಕಡಿ ಎರಡನೆಯ ಪಟ್ಟೆಯ ಎರಡನೆಯ ಸಾಲಿಗೆ, ಎರಡನೆಯದು ಮೂರನೆಯ ಪಟ್ಟೆಯ ನಾಲ್ಕನೆಯ ಸಾಲಿಗೆ ಬೀಳುತ್ತವೆ. ಅಲ್ಲಿಗೆ 12 ಸಾಲು ಮುಗಿದು ಮತ್ತೆ ಮೊದಲಿನಿಂದ ಅದೇ ಕ್ರಮ. 12 ಎಂಬುದು 4 ಮತ್ತು 6ರ ಲ.ಸಾ.ಅ. ಪಟ್ಟೆಯ ಒಂದನೆಯ ಮತ್ತು ಮೂರನೆಯ ಸಾಲುಗಳಿಗೆ ಅಕ್ಕಡಿ ಎಂದೂ ಬರುವುದಿಲ್ಲ, ಏಕೆಂದರೆ ಎರಡೂ ಸಂಖ್ಯೆಗಳಲ್ಲಿ 2 ಸಾಮಾನ್ಯವಾಗಿದೆ. ಆರರ ಬದಲು ಏಳನೆಯ ಸಾಲಿಗೊಂದು ಎಂದರೆ ಚಿತ್ರವೇ ಬೇರೆ: ಅಕ್ಕಡಿ ಕ್ರಮವಾಗಿ ಮೂರು, ಎರಡು, ಒಂದು, ನಾಲ್ಕನೆಯ ಸಾಲುಗಳಿಗೆ ಸುತ್ತಿ ಬರುತ್ತದೆ, ಸುತ್ತು ಮುಗಿಯಲು 28 ಸಾಲು, ಏಳು ಪಟ್ಟೆ ಬೇಕು. ಎಂಟನೆಯ ಸಾಲಿಗೊಂದಾದರೆ ಅದು ಯಾವಾಗಲೂ ನಾಲ್ಕನೆಯದೇ. ಬಿತ್ತುವವನಿಗೆ ನೆನಪಿಡಲು ಇದಕ್ಕಿಂತ ಹಗುರವಾದದ್ದಿಲ್ಲ.

ಸಂಗೀತದಲ್ಲಿ ಹದಿನಾರು ಮಾತ್ರೆಯ ತೀನ್‌ತಾಳದಲ್ಲಿ ಆರು ಮಾತ್ರೆಯ ಒಂದು ನುಡಿಯನ್ನು ಮತ್ತೆ ಮತ್ತೆ ನುಡಿಸಿದರೆ ಅದು 48 ಮಾತ್ರೆಯಲ್ಲಿ, ಮೂರು ಆವರ್ತ ಕಳೆದು, ಸಮಕ್ಕೆ, ಅಂದರೆ ತಾಳದ ಮೊದಲ ಮಾತ್ರೆಗೆ, ಬರುತ್ತದೆ. ಏಳು ಮಾತ್ರೆಯ ನುಡಿಗೆ 112 ಮಾತ್ರೆ, ಏಳು ಆವರ್ತ ಬೇಕು.

ಅರವತ್ತು ಸಂವತ್ಸರಗಳ ಚಕ್ರ ಇದರದೇ ದೊಡ್ಡ ರೂಪ. ಗುರು ಗ್ರಹ ರಾಶಿಚಕ್ರವನ್ನು ಸುತ್ತಲು ಸುಮಾರು 12 ವರ್ಷ, ಶನಿ ಸುಮಾರು 30 ವರ್ಷ ತೆಗೆದುಕೊಳ್ಳುತ್ತವೆ. 12 ಮತ್ತು 30ರ ಲ.ಸಾ.ಅ. 60. ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಸೇರಿದ 1953ರ ಅಕ್ಟೋಬರ್ ವಿಜಯ ಸಂವತ್ಸರದಲ್ಲಿತ್ತು. ಅದೇ ಹೆಸರು ಮರಳಿದ್ದು 2013ರ ಯುಗಾದಿಗೆ. ಆದರೆ ಆಕಾಶ ಪೂರ್ಣ ಸಂಖ್ಯೆಗಳಿಗೆ ಪೂರ್ತಿ ಒಗ್ಗುವುದಿಲ್ಲ. ಗುರುವಿನ ಸುತ್ತು ನಿಜವಾಗಿ 11.86 ವರ್ಷ, ಶನಿಯದು 29.46, ಹೀಗಾಗಿ 60 ಎಂಬುದು ಹತ್ತಿರದ ಲೆಕ್ಕ ಅಷ್ಟೆ. ಕೊಟ್ಟೂರಿನ ಗುರುಬಸವೇಶ್ವರನ ತೇರು ಮೂಲಾ ನಕ್ಷತ್ರ ಕೂಡುವ ಹೊತ್ತಿಗೆ ಹೊರಡಬೇಕಾದ್ದರಿಂದ ಆ ಹೊತ್ತನ್ನು ವರ್ಷವರ್ಷವೂ ಪಂಚಾಂಗ ನೋಡಿಯೇ ಗೊತ್ತುಮಾಡಬೇಕು. 27 ನಕ್ಷತ್ರ, 30 ತಿಥಿಗಳ ಲ.ಸಾ.ಅ. 270 ಎಂದು ಹಾಳೆಯ ಮೇಲೆ ಕಂಡುಹಿಡಿದರೆ ತೇರಿನ ವೇಳೆ ಸಿಗದು, ಏಕೆಂದರೆ ತಿಥಿಯೂ ನಕ್ಷತ್ರವೂ ಸಮನಾದ ಉದ್ದದವಲ್ಲ.

ಮಹಾವೀರಾಚಾರ್ಯನ ನಿರುದ್ಧ

ಭಾರತೀಯ ಗಣಿತದಲ್ಲಿ ಲ.ಸಾ.ಅ.ಗೆ ಸ್ಪಷ್ಟವಾದ ಹೆಸರನ್ನೂ ವಿಧಾನವನ್ನೂ ಕೊಟ್ಟವನು ಕನ್ನಡ ನಾಡಿನ ಜೈನ ಗಣಿತಜ್ಞ ಮಹಾವೀರಾಚಾರ್ಯ. ಮಾನ್ಯಖೇಟವನ್ನು, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡವನ್ನು, ರಾಜಧಾನಿಯಾಗಿ ಮಾಡಿಕೊಂಡು ಆಳಿದ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಅವನು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದ. ಇದನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಸಂಪಾದಿಸಿ, 1912ರಲ್ಲಿ ಮದ್ರಾಸಿನಲ್ಲಿ ಪ್ರಕಟವಾಗುವಂತೆ ಮಾಡಿದರು. ಪದ್ಮಾವತಮ್ಮನವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಹೊರಬಂದಿತು.

ಭಿನ್ನರಾಶಿಗಳನ್ನು ವಿವರಿಸುವ ಅಧ್ಯಾಯಕ್ಕೆ ಮಹಾವೀರ ಕಲಾಸವರ್ಣ ವ್ಯವಹಾರ ಎಂದು ಹೆಸರಿಟ್ಟಿದ್ದಾನೆ. ಬೇರೆ ಬೇರೆ ಛೇದಗಳುಳ್ಳ ಭಿನ್ನಗಳನ್ನು ಕೂಡಿಸಲು ಛೇದಗಳನ್ನೆಲ್ಲ ಒಂದಕ್ಕೊಂದು ಗುಣಿಸಿದರೆ ಉತ್ತರ ತಪ್ಪಾಗದು, ಆದರೆ ಸಂಖ್ಯೆ ಅನಾವಶ್ಯಕವಾಗಿ ಉಬ್ಬುತ್ತದೆ. ಅದರ ಬದಲು ಛೇದಗಳಿಗೆ ಸಾಮಾನ್ಯವಾಗಿರುವ ಅಪವರ್ತನಗಳನ್ನು ಒಂದೊಂದಾಗಿ ತೆಗೆದು, ಆ ಅಪವರ್ತನಗಳನ್ನೂ ಕೊನೆಗೆ ಉಳಿದ ಭಾಗಲಬ್ಧಗಳನ್ನೂ ಒಟ್ಟಿಗೆ ಗುಣಿಸಿದರೆ ದೊರೆಯುವ ಸಂಖ್ಯೆಯನ್ನು ಅವನು 'ನಿರುದ್ಧ' ಎಂದು ಕರೆಯುತ್ತಾನೆ. 12ರಲ್ಲಿ 5, 18ರಲ್ಲಿ 7, 30ರಲ್ಲಿ 11 ಎಂಬ ಮೂರು ಭಿನ್ನಗಳನ್ನು ಕೂಡಿಸಬೇಕಾಗಿದ್ದರೆ ಛೇದಗಳಿಂದ 6ನ್ನು ತೆಗೆದಾಗ 2, 3, 5 ಉಳಿಯುತ್ತವೆ, ಅವುಗಳಲ್ಲಿ ಯಾವ ಎರಡಕ್ಕೂ ಸಾಮಾನ್ಯವಾದದ್ದೇನೂ ಇಲ್ಲ; 6 × 2 × 3 × 5 = 180 ನಿರುದ್ಧ. ಭಿನ್ನಗಳ ಅಂಶಗಳು ಕ್ರಮವಾಗಿ 75, 70, 66 ಆಗಿ, ಮೊತ್ತ 180ರಲ್ಲಿ 211. ಛೇದಗಳನ್ನು ಸುಮ್ಮನೆ ಗುಣಿಸಿದ್ದರೆ ಛೇದ 6,480 ಆಗಿ ಮೂವತ್ತಾರು ಪಟ್ಟು ಹೊರೆ ಹೊರಬೇಕಾಗುತ್ತಿತ್ತು. ಇಂದಿನ ಶಾಲೆಗಳಲ್ಲಿ ಸಂಖ್ಯೆಗಳನ್ನು ಸಾಲಾಗಿ ಬರೆದು, ಎಡಕ್ಕೆ ಭಾಜಕವನ್ನಿಟ್ಟು, ಕೆಳಕ್ಕೆ ಇಳಿಯುತ್ತ ಹೋಗುವ ಭಾಗಾಕಾರ ಕ್ರಮ ಇದೇ.

ಹನ್ನೆರಡನೆಯ ಶತಮಾನದಲ್ಲಿ ಪೂವಿನಬಾಗೆಯ ರಾಜಾದಿತ್ಯ 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಮೊದಲಾದವುಗಳನ್ನು ಕನ್ನಡದಲ್ಲಿಯೇ ಬರೆದು, ವರ್ತಕರ, ಕರಣಿಕರ ಲೆಕ್ಕವನ್ನು ಅವರ ಮಾತಿಗೆ ತಂದ.

ಕುಟ್ಟಕ

ಪರಸ್ಪರ ಭಾಗಾಕಾರ ಭಾರತದಲ್ಲಿ ಬೆಳೆದದ್ದು ಮ.ಸಾ.ಅ.ವನ್ನು ಕಂಡುಹಿಡಿಯಲಿಕ್ಕಿಂತ ಹೆಚ್ಚಾಗಿ ಒಂದು ಕಠಿಣ ಪ್ರಶ್ನೆಯನ್ನು ಬಿಡಿಸಲಿಕ್ಕಾಗಿ: ಒಂದು ಸಂಖ್ಯೆಯಿಂದ ಗುಣಿಸಿ, ಇನ್ನೊಂದನ್ನು ಕೂಡಿಸಿ, ಮೂರನೆಯದರಿಂದ ಭಾಗಿಸಿದಾಗ ಶೇಷವುಳಿಯದಂಥ ಗುಣಕ ಯಾವುದು? ಇದಕ್ಕೆ ಕುಟ್ಟಕವೆಂದು ಹೆಸರು, ಕುಟ್ಟಿ ಪುಡಿಮಾಡುವುದೆಂದು ಅರ್ಥ. ದೊಡ್ಡ ಸಂಖ್ಯೆಗಳು ಶೇಷದಿಂದ ಶೇಷಕ್ಕೆ ನುಚ್ಚಾಗುತ್ತ ಹೋಗುವುದನ್ನು ನೋಡಿದರೆ ಒರಳಿನ ನೆನಪಾಗದೆ ಇರದು. ಆರ್ಯಭಟ 499ರಲ್ಲಿ ಇದನ್ನು ಎರಡೇ ಶ್ಲೋಕಗಳಲ್ಲಿ ಸೂತ್ರಿಸಿದ. ಬ್ರಹ್ಮಗುಪ್ತ, ಮಹಾವೀರ, 1150ರಲ್ಲಿ 'ಲೀಲಾವತಿ'ಯನ್ನು ಬರೆದ ಭಾಸ್ಕರಾಚಾರ್ಯ ಅದನ್ನು ವಿಸ್ತರಿಸಿದರು.

ಖಗೋಳದಲ್ಲಿ ಇದರ ಬಳಕೆ ಹತ್ತಿರದಿಂದ ನೋಡತಕ್ಕದ್ದು. ಆರ್ಯಭಟನ ಲೆಕ್ಕದಲ್ಲಿ ಒಂದು ಮಹಾಯುಗಕ್ಕೆ ಸೂರ್ಯನ ಸುತ್ತುಗಳು 43,20,000, ದಿನಗಳು 157,79,17,500. ಇಂಥ ಸಂಖ್ಯೆಗಳನ್ನಿಟ್ಟುಕೊಂಡು ಲೆಕ್ಕ ಮಾಡುವುದು ದುಸ್ತರವಾದ್ದರಿಂದ ಮೊದಲು ಅವುಗಳ ಮ.ಸಾ.ಅ. ಬೇಕು. ದಿನಗಳನ್ನು ಸುತ್ತುಗಳಿಂದ ಭಾಗಿಸಿದರೆ 365 ಸಲ ಹೋಗಿ 11,17,500 ಶೇಷ. ಅದರಿಂದ 43,20,000ವನ್ನು ಭಾಗಿಸಿದರೆ 3 ಸಲ ಹೋಗಿ 9,67,500. ಮುಂದೆ 1 ಸಲ ಹೋಗಿ 1,50,000. 6 ಸಲ ಹೋಗಿ 67,500. 2 ಸಲ ಹೋಗಿ 15,000. 4 ಸಲ ಹೋಗಿ 7,500. ಏಳನೆಯ ಭಾಗಾಕಾರದಲ್ಲಿ 2 ಸಲ ಹೋಗಿ ಶೇಷ ಸೊನ್ನೆ. ಮ.ಸಾ.ಅ. 7,500. ಎರಡನ್ನೂ ಅದರಿಂದ ಭಾಗಿಸಿದರೆ 576 ಸುತ್ತಿಗೆ 2,10,389 ದಿನ ಎಂಬ ಕಿರಿದಾದ, ಆದರೆ ಒಂದಿಷ್ಟೂ ನಿಖರತೆ ಕಳೆದುಕೊಳ್ಳದ ಜೋಡಿ ಬರುತ್ತದೆ; ಆರ್ಯಭಟನ ಪರಂಪರೆಯ ಗ್ರಂಥಗಳು ಸೂರ್ಯನ ಲೆಕ್ಕಕ್ಕೆ ಈ ಜೋಡಿಯನ್ನೇ ಬಳಸುತ್ತವೆ. ಲಾಮೆಯ ನಿಯಮದ ಪ್ರಕಾರ ಏಳಂಕಿಯ ಸಂಖ್ಯೆಗೆ 35 ಭಾಗಾಕಾರಗಳವರೆಗೂ ಬೇಕಾಗಬಹುದಿತ್ತು, ಸಾಕಾದದ್ದು ಏಳು.

ಮಹಾವೀರ ತನ್ನ ಕ್ರಮವನ್ನು ವಲ್ಲಿಕಾ ಕುಟ್ಟೀಕಾರ ಎನ್ನುತ್ತಾನೆ. ಭಾಗಲಬ್ಧಗಳನ್ನು ಒಂದರ ಕೆಳಗೊಂದು ಬರೆದಾಗ ಅವು ಬಳ್ಳಿಯಂತೆ ಇಳಿಯುವುದರಿಂದ ಈ ಹೆಸರು. ಅವನ ಪ್ರಶ್ನೆಗಳಲ್ಲೊಂದರಲ್ಲಿ, ಕಾಡಿನಂಚಿನಲ್ಲಿ ಸಮನಾದ 63 ರಾಶಿ ಬಾಳೆಹಣ್ಣುಗಳೂ ಬಿಡಿಯಾಗಿ 7 ಹಣ್ಣುಗಳೂ ಸಿಕ್ಕಿ, ದಣಿದ 23 ಮಂದಿ ದಾರಿಹೋಕರು ಅವನ್ನು ಸಮನಾಗಿ ಹಂಚಿಕೊಳ್ಳುತ್ತಾರೆ. ರಾಶಿಯೊಂದಕ್ಕೆ ಎಷ್ಟು ಹಣ್ಣು ಎಂಬುದು ಪ್ರಶ್ನೆ. 63ನ್ನು 23ರಿಂದ ಭಾಗಿಸುತ್ತ ಇಳಿದರೆ ಶೇಷಗಳು 17, 6, 5, 1 ಎಂದು ಬರುತ್ತವೆ, ಬಳ್ಳಿಯ ಭಾಗಲಬ್ಧಗಳು 2, 1, 2, 1. ಮ.ಸಾ.ಅ. 1 ಆದ್ದರಿಂದ ಉತ್ತರವಿದ್ದೇ ಇದೆ, ಬಳ್ಳಿಯನ್ನು ಹಿಡಿದು ಮೇಲಕ್ಕೆ ಹತ್ತಿದರೆ ಅದು ಕೈಗೆ ಸಿಗುತ್ತದೆ: ಅತಿ ಚಿಕ್ಕ ಉತ್ತರ 5. ಒಟ್ಟು 322 ಹಣ್ಣು, ತಲೆಗೆ 14. ಮುಂದಿನ ಉತ್ತರಗಳು 23ರ ಅಂತರದಲ್ಲಿ 28, 51 ಎಂದು ಸಾಗುತ್ತವೆ. ದಾರಿಹೋಕರು 23ರ ಬದಲು 21 ಮಂದಿಯಾಗಿದ್ದರೆ ಲೆಕ್ಕ ಬಗೆಹರಿಯುತ್ತಲೇ ಇರಲಿಲ್ಲ. 63 ಮತ್ತು 21ರ ಮ.ಸಾ.ಅ. 21, ಅದು ಬಿಡಿ ಹಣ್ಣುಗಳಾದ 7ನ್ನು ಭಾಗಿಸದು. ಇಂಥ ಪ್ರಶ್ನೆಯನ್ನು ಭಾಸ್ಕರಾಚಾರ್ಯ ದೋಷವುಳ್ಳ ಪ್ರಶ್ನೆಯೆಂದೇ ತಳ್ಳಿಹಾಕುತ್ತಾನೆ.

ಎರಡು, ಮೂರು, ನಾಲ್ಕು, ಐದು, ಆರರಂತೆ ಗುಂಪು ಮಾಡಿದರೆ ಪ್ರತಿ ಸಲವೂ ಒಂದು ಉಳಿದು, ಏಳರಂತೆ ಮಾಡಿದರೆ ಏನೂ ಉಳಿಯದ ಮೊಟ್ಟೆಗಳೆಷ್ಟು ಎಂಬ ಒಗಟೂ ಕುಟ್ಟಕದ್ದೇ. ಎರಡರಿಂದ ಆರರವರೆಗಿನ ಸಂಖ್ಯೆಗಳ ಲ.ಸಾ.ಅ. 60, 60ರ ಅಪವರ್ತ್ಯಕ್ಕೆ 1 ಸೇರಿಸಿದಾಗ 7ರಿಂದ ಭಾಗವಾಗುವ ಮೊದಲ ಸಂಖ್ಯೆ 301.

ಗೂಢಲಿಪಿಯಲ್ಲಿ

ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು 1977ರಲ್ಲಿ ರೂಪಿಸಿದ ಗೂಢಲಿಪಿ ಕ್ರಮ ಮ.ಸಾ.ಅ., ಲ.ಸಾ.ಅ.ಗಳ ಮೇಲೆಯೇ ನಿಂತಿದೆ. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಟ್ಟಾಗಿ ಆರಿಸಿ, ಅವುಗಳ ಗುಣಲಬ್ಧವನ್ನು ಬಹಿರಂಗವಾಗಿ ಪ್ರಕಟಿಸುತ್ತಾರೆ. ನೂರಾರು ಅಂಕಿಗಳ ಆ ಗುಣಲಬ್ಧವನ್ನು ಮತ್ತೆ ಅವಿಭಾಜ್ಯಗಳಾಗಿ ಬಿಡಿಸಲು ಸಾಮಾನ್ಯ ಕಂಪ್ಯೂಟರುಗಳಿಗೆ ವೇಗವಾದ ಯಾವ ಕ್ರಮವೂ ತಿಳಿದಿಲ್ಲ. ಅಷ್ಟೇ ಅಂಕಿಗಳ ಎರಡು ಸಂಖ್ಯೆಗಳ ಮ.ಸಾ.ಅ. ಮಾತ್ರ ಪರಸ್ಪರ ಭಾಗಾಕಾರದಿಂದ ಕಣ್ಣು ಮಿಟುಕಿಸುವಷ್ಟರಲ್ಲಿ ಸಿಗುತ್ತದೆ. ಶಾಲೆಯಲ್ಲಿ ಒಂದೇ ಪುಟದಲ್ಲಿ ಸಮನಾಗಿ ಕಲಿಸುವ ಎರಡು ಕ್ರಮಗಳ ನಡುವಿನ ಈ ಅಂತರವೇ ಗುಟ್ಟನ್ನು ಕಾಯುವ ಬೀಗ. ಅವಿಭಾಜ್ಯಗಳು 11 ಮತ್ತು 17 ಎಂದು ಚಿಕ್ಕದಾಗಿ ಇಟ್ಟುಕೊಂಡರೆ, ಪ್ರಕಟಿಸುವ ಸಂಖ್ಯೆ 187. ಎರಡರಿಂದಲೂ ಒಂದೊಂದು ಕಳೆದು ಬಂದ 10 ಮತ್ತು 16ರ ಲ.ಸಾ.ಅ. 80. ಇದರೊಡನೆ ಸಹ ಅವಿಭಾಜ್ಯವಾದ 7ನ್ನು ಸಂದೇಶವನ್ನು ಗುಟ್ಟಾಗಿಸುವ ಬಹಿರಂಗ ಕೀಲಿಯಾಗಿ ಆರಿಸಿದರೆ, 7ರಿಂದ ಗುಣಿಸಿ 1 ಕಳೆದಾಗ 80ರಿಂದ ಭಾಗವಾಗುವ ಸಂಖ್ಯೆಯೇ ಆ ಸಂದೇಶವನ್ನು ಮರಳಿ ಬಿಡಿಸುವ ಖಾಸಗಿ ಕೀಲಿ. ಅದನ್ನು ಕಂಡುಹಿಡಿಯುವುದು ಬಾಳೆಹಣ್ಣಿನ ಲೆಕ್ಕದ ಬಳ್ಳಿಯಿಂದಲೇ, ಉತ್ತರ 23.